ಟೆಫ್ಲಾನ್ ಕೋಟಿಂಗ್ ಕಾರಿನ ಪೇಂಟ್ ಕಾಯುತ್ತಾ? ಗುಜರಿ ಬಾನೆಟ್ ಮೇಲೆ ಮಾಡಿ ನೋಡಿದ್ದು

ಪರೀಕ್ಷೆಗೆ ಸ್ವಂತ ಕಾರು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಗುಜರಿ ಅಂಗಡಿಯಲ್ಲಿ ಹಳೆಯ ಹ್ಯಾಚ್‌ಬ್ಯಾಕ್ ಒಂದರ ಬಾನೆಟ್ ಸಿಕ್ಕಿತು. ಕಡು ನೀಲಿ, ಮೆಟಾಲಿಕ್. ಒಂದು ಮೂಲೆ ನಜ್ಜುಗುಜ್ಜಾಗಿತ್ತು, ಉಳಿದ ಭಾಗ ನೆಟ್ಟಗಿತ್ತು. ಕಡು ಬಣ್ಣವನ್ನೇ ಹುಡುಕಿದ್ದೆ. ಬಿಳಿ ಅಥವಾ ಸಿಲ್ವರ್ ಆಗಿದ್ದರೆ ಸಣ್ಣ ಗೀರು ಕಣ್ಣಿಗೆ ಬೀಳುವುದೇ ಇಲ್ಲ, ಪರೀಕ್ಷೆ ಮಾಡಿ ಏನು ಪ್ರಯೋಜನ?

ಇದೆಲ್ಲ ಶುರುವಾಗಿದ್ದು ಭಾಮೈದನ ಹೊಸ ಕಾರಿನಿಂದ. ಡೆಲಿವರಿಗೆ ಮುಂಚೆ ಶೋರೂಮಿನವರು ಕೊಟ್ಟ ಪಟ್ಟಿಯಲ್ಲಿ ಮ್ಯಾಟು, ಸೀಟ್ ಕವರು, ಮಡ್ ಫ್ಲಾಪು ಎಲ್ಲದರ ಜೊತೆ 'ಟೆಫ್ಲಾನ್ ಕೋಟಿಂಗ್' ಅಂತಲೂ ಇತ್ತು. ಕೆಲವು ಸಾವಿರ ರೂಪಾಯಿ. "ಭಾವ, ಗೀರು ಬೀಳಲ್ವಂತೆ, ಬಿಸಿಲಿಗೆ ಮಾಸಲ್ವಂತೆ, ಹಕ್ಕಿ ಹಿಕ್ಕೆ ಹಾಕಿದ್ರೂ ಅಂಟಲ್ವಂತೆ. ಮಾಡಿಸ್ಲಾ?" ಅಂತ ಫೋನ್ ಮಾಡಿದ. ಒಂದು ವಾರ ತಡಿ ಮಾರಾಯ ಅಂದೆ. ಒಂದು ವಾರ ಹೋಗಿ ಇಡೀ ಮಳೆಗಾಲವೇ ಆಯಿತು, ಅದು ಬೇರೆ ವಿಷಯ.

ಅವನು ಹೇಳಿದ ಆ ಮೂರು ಮಾತನ್ನೇ ಪರೀಕ್ಷೆಗೆ ಇಟ್ಟುಕೊಂಡೆ: ಗೀರು, ಬಿಸಿಲು, ಹಿಕ್ಕೆ. ನಮ್ಮ ಏರಿಯಾದ ಬೋರ್‌ವೆಲ್ ನೀರನ್ನೂ ಸೇರಿಸಿದೆ. ಬೆಂಗಳೂರಲ್ಲಿ ಕಾರಿಗೆ ಅದರಷ್ಟು ಕಾಟ ಕೊಡುವುದು ಇನ್ನೊಂದಿಲ್ಲ.

ಬಾನೆಟ್ ತಯಾರಿ

ಮೊದಲು ನೋಡಬೇಕಾದದ್ದು ಪೇಂಟ್ ಮೇಲೆ ಕ್ಲಿಯರ್ ಕೋಟ್ ಇದೆಯೋ ಇಲ್ಲವೋ ಅಂತ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಒಂದು ಕಡೆ ಉಜ್ಜಿದೆ. ಬಟ್ಟೆಗೆ ನೀಲಿ ಬಣ್ಣ ಬರಲಿಲ್ಲ. ಅಂದರೆ ಬಣ್ಣದ ಮೇಲೆ ಪಾರದರ್ಶಕ ಪದರ ಇನ್ನೂ ಇದೆ. ಬಣ್ಣ ಬಂದಿದ್ದರೆ ಒಂದೋ ಅದು ಕ್ಲಿಯರ್ ಕೋಟ್ ಇಲ್ಲದ ಪೇಂಟ್, ಇಲ್ಲವೇ ಕ್ಲಿಯರ್ ಕೋಟ್ ಪೂರ್ತಿ ಸವೆದಿದೆ ಅಂತ ಅರ್ಥ.

ಪರಿಚಯದ ಪೇಂಟರ್ ಹತ್ತಿರ ದಪ್ಪ ಅಳೆಯುವ ಗೇಜ್ ಇಸ್ಕೊಂಡು ಬಂದೆ. ಕಂಪನಿ ಪೇಂಟ್ ಸಾಮಾನ್ಯವಾಗಿ ಎಲ್ಲ ಪದರ ಸೇರಿ 100ರಿಂದ 150 ಮೈಕ್ರಾನ್ ಇರುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್. ನನ್ನ ಬಾನೆಟ್ ಹೆಚ್ಚಿನ ಕಡೆ 110ರ ಆಸುಪಾಸು ತೋರಿಸಿತು. ನಜ್ಜಾದ ಮೂಲೆಯ ಹತ್ತಿರ ಮಾತ್ರ 300 ದಾಟಿತು. ಅಲ್ಲಿ ಯಾರೋ ಹಿಂದೆ ಪುಟ್ಟಿ ಮೆತ್ತಿ ಮತ್ತೆ ಪೇಂಟ್ ಹೊಡೆದಿದ್ದಾರೆ. ಆ ಭಾಗ ಬಿಟ್ಟೆ.

ಶಾಂಪೂ ಹಾಕಿ ತೊಳೆದು, ಒರೆಸಿ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿ ನೋಡಿದೆ. ಬರಿ ಬೆರಳಿಗೆ ನುಣ್ಣಗೆ ಅನಿಸುವ ಪೇಂಟ್ ಕವರ್ ಮೇಲಿಂದ ಸವರಿದರೆ ಗರಗರ ಅನ್ನುತ್ತದೆ. ಬ್ರೇಕ್‌ನಿಂದ ಹಾರಿದ ಕಬ್ಬಿಣದ ಪುಡಿ, ಟಾರು, ಒಣಗಿದ ಮರದ ಅಂಟು, ಎಲ್ಲ ಪೇಂಟ್ ಹಿಡಿದು ಕೂತಿರುತ್ತವೆ. ಶಾಂಪೂ ನೀರು ಚಿಮುಕಿಸುತ್ತಾ ಕ್ಲೇ ಬಾರ್, ಅಂದರೆ ಇಂಥ ಕೊಳೆ ಎತ್ತುವ ಮೆತ್ತನೆ ಮುದ್ದೆ, ತಿಕ್ಕಿದೆ. ಬೂದು ಬಣ್ಣದ ಕ್ಲೇ ಒಂದೆರಡು ಅಡಿ ಹೋಗುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಮಡಚಿ, ಹೊಸ ಮುಖ ಮಾಡಿಕೊಂಡು ಮತ್ತೆ ತಿಕ್ಕು. ಗರಗರ ಶಬ್ದ ನಿಂತ ಮೇಲೆ ಮೆಷಿನ್‌ನಲ್ಲಿ ಕಾಂಪೌಂಡ್ (ಪೇಂಟನ್ನು ತುಸು ಸವೆಸಿ ಗೀರು ತೆಗೆಯುವ ಪೇಸ್ಟ್), ಆಮೇಲೆ ಫಿನಿಶಿಂಗ್ ಪಾಲಿಶ್. ಕೊನೆಗೆ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪಾಲಿಶ್‌ನ ಎಣ್ಣೆ ಪಸೆ ಪೂರ್ತಿ ತೆಗೆದೆ.

ಇಲ್ಲಿ ಒಂದು ಮಾತು. ಈ ಹಂತದಲ್ಲಿ ಯಾವ ಕೋಟಿಂಗೂ ಹಾಕಿರಲಿಲ್ಲ. ಆದರೂ ಬಾನೆಟ್ ಮೇಲೆ ಟ್ಯೂಬ್‌ಲೈಟ್‌ನ ಅಂಚು ನೆಟ್ಟಗೆ, ಚೂಪಾಗಿ ಕಾಣುತ್ತಿತ್ತು. 'ಕೋಟಿಂಗ್ ಮಾಡಿಸಿದ ಮೇಲೆ ಕಾರು ಹೊಸದರ ಹಾಗೆ ಆಯ್ತು' ಅಂತ ಹೇಳುವವರು ಹೊಗಳುತ್ತಿರುವುದು ಬಹುಪಾಲು ಈ ಪಾಲಿಶ್ ಕೆಲಸವನ್ನು. ಹಳೆ ಕಾರಿಗೆ ಕೋಟಿಂಗ್ ಹಾಕುವ ಮುಂಚೆ ಪಾಲಿಶ್ ಮಾಡಲೇಬೇಕು. ಹೊಳಪು ಅಲ್ಲೇ ಬಂದುಬಿಡುತ್ತದೆ, ಹೆಸರು ಮಾತ್ರ ಮೇಲಿನ ಪದರಕ್ಕೆ ಹೋಗುತ್ತದೆ.

ನಾಲ್ಕು ಪಟ್ಟಿ

ಮಾಸ್ಕಿಂಗ್ ಟೇಪ್ ಹಾಕಿ ಉದ್ದಕ್ಕೆ ನಾಲ್ಕು ಭಾಗ ಮಾಡಿದೆ. ಒಂದು ಬರಿ ಪೇಂಟ್, ಏನೂ ಹಚ್ಚದ್ದು. ಎರಡನೆಯದಕ್ಕೆ ಪಿಟಿಎಫ್‌ಇ (ಟೆಫ್ಲಾನ್ ಅಂದರೆ ಇದೇ) ಇದೆ ಅಂತ ಬಾಟಲಿ ಮೇಲೆ ಬರೆದಿರುವ ಸೀಲೆಂಟ್, ಅಂದರೆ ಪೇಂಟ್ ಕಾಯಲು ಮೇಲೆ ಹಚ್ಚುವ ದ್ರವ. ಮೂರನೆಯದಕ್ಕೆ ಡಬ್ಬಿಯಲ್ಲಿ ಬರುವ ಮಾಮೂಲಿ ಕಾರ್ನಾಬಾ ವ್ಯಾಕ್ಸ್, ಗಿಡಮೂಲದ ಮೇಣ. ನಾಲ್ಕನೆಯದಕ್ಕೆ ಸಣ್ಣ ಗಾಜಿನ ಬಾಟಲಿಯ ಸೆರಾಮಿಕ್ ಕೋಟಿಂಗ್, ಹಚ್ಚಿದ ಮೇಲೆ ಗಟ್ಟಿ ಪದರವಾಗುವ ದ್ರವ.

ಸೀಲೆಂಟು, ವ್ಯಾಕ್ಸು ಎರಡೂ ಸುಲಭ. ಸ್ಪಂಜಿನಿಂದ ತೆಳ್ಳಗೆ ಹಚ್ಚು, ಮಂಜು ಕಟ್ಟಿದ ಹಾಗೆ ಬಿಳಿಚಿಕೊಂಡ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸು, ಮುಗೀತು. ಸೆರಾಮಿಕ್‌ಗೆ ಮಾತ್ರ ಕಣ್ಣು ಬೇಕು. ಬಟ್ಟೆ ಸುತ್ತಿದ ದಿಂಬಿಗೆ ನಾಲ್ಕು ಹನಿ ಹಾಕಿ ಅಡ್ಡಡ್ಡ, ಉದ್ದುದ್ದ ಹಚ್ಚಬೇಕು. ಪದರದಲ್ಲಿ ಕಾಮನಬಿಲ್ಲಿನ ಬಣ್ಣ ತೇಲಿದ ಕೂಡಲೇ ಒರೆಸಬೇಕು. ತಡವಾದರೆ ಅಲ್ಲೇ ಗಟ್ಟಿಯಾಗಿ ಕಪ್ಪು ಕಲೆ ಉಳಿಯುತ್ತದೆ, ಆಮೇಲೆ ಪಾಲಿಶ್ ಹೊಡೆದೇ ತೆಗೆಯಬೇಕು. ಹಾಗಾಗಿ ಬಿಸಿಲು ಇಳಿದ ಮೇಲೆ, ಬಾನೆಟ್ ತಣ್ಣಗಾದ ಮೇಲೆ ಹಚ್ಚಿದೆ.

ಎಲ್ಲ ಒಣಗಿದ ಮೇಲೆ ಮತ್ತೆ ಗೇಜ್ ಇಟ್ಟೆ. ನಾಲ್ಕೂ ಪಟ್ಟಿಯಲ್ಲಿ ಮೊದಲಿನ ಅಂಕಿಯೇ. ಇಂಥ ಗೇಜ್‌ನ ಅಳತೆಯಲ್ಲಿ ಒಂದೆರಡು ಮೈಕ್ರಾನ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಕೋಟಿಂಗ್‌ನ ದಪ್ಪ ಆ ಹೆಚ್ಚುಕಡಿಮೆಯೊಳಗೇ ಮುಳುಗಿ ಹೋಯಿತು. 'ಪೇಂಟ್ ಮೇಲೆ ಕವಚ' ಅಂತ ಯಾರಾದರೂ ಹೇಳಿದರೆ ಈ ಅಳತೆ ನೆನಪಿಟ್ಟುಕೊಳ್ಳಿ. ಪಾರದರ್ಶಕ ಫಿಲ್ಮ್, ಅಂದರೆ ಪಿಪಿಎಫ್, 150ರಿಂದ 200 ಮೈಕ್ರಾನ್ ದಪ್ಪ ಇರುತ್ತದೆ. ಅದನ್ನು ಬೇಕಾದರೆ ಕವಚ ಅನ್ನಬಹುದು. ಬೆಲೆಯೂ ಹಾಗೇ ಇರುತ್ತದೆ ಬಿಡಿ.

ತವಾಕ್ಕೆ ಅಂಟಿದ್ದು ಕಾರಿಗೆ ಯಾಕೆ ಅಂಟಲ್ಲ

ಟೆಫ್ಲಾನ್ ಅನ್ನೋದು ಟ್ರೇಡ್‌ಮಾರ್ಕ್. ವಸ್ತುವಿನ ಹೆಸರು ಪಿಟಿಎಫ್‌ಇ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬಳಸುವ ಗ್ಯಾಸ್ ಮೇಲೆ ಕೆಲಸ ಮಾಡುವಾಗ ಆಕಸ್ಮಿಕವಾಗಿ ಸಿಕ್ಕ ಬಿಳಿ ಪುಡಿ ಇದು. ಕಾರ್ಬನ್ ಸರಪಳಿಯ ಸುತ್ತ ಫ್ಲೋರಿನ್ ಬಿಗಿಯಾಗಿ ಕೂತಿರುತ್ತದೆ. ಹಾಗಾಗಿ ಬೇರೆ ಯಾವುದರ ಸಹವಾಸಕ್ಕೂ ಇದು ಹೋಗುವುದಿಲ್ಲ. ನೀರು ಅಂಟಲ್ಲ, ಎಣ್ಣೆ ಅಂಟಲ್ಲ.

ಸರಿ, ಯಾವುದೂ ಅಂಟಲ್ಲ ಅಂದಮೇಲೆ ಅದು ತಾನು ಹೋಗಿ ಇನ್ನೊಂದಕ್ಕೆ ಹೇಗೆ ಅಂಟುತ್ತದೆ? ದೋಸೆ ತವಾ ಮಾಡುವವರಿಗೂ ಇದೇ ತಲೆನೋವಿತ್ತು. 1950ರ ದಶಕದಲ್ಲಿ ಫ್ರಾನ್ಸ್‌ನ ಮಾರ್ಕ್ ಗ್ರೆಗೊಯಿರ್ ಅಲ್ಯೂಮಿನಿಯಮ್ ಮೇಲೆ ಇದನ್ನು ಕೂರಿಸುವ ದಾರಿ ಹುಡುಕಿದ. ಅವನೇ ಮುಂದೆ ಟೆಫಾಲ್ ಕಂಪನಿ ಕಟ್ಟಿದ್ದು. ಗುಟ್ಟು ಇಷ್ಟೇ: ಮೊದಲು ಲೋಹವನ್ನು ತರಿತರಿ ಮಾಡಬೇಕು. ಈಗಿನ ತವಾಗಳಲ್ಲಿ ಅದರ ಮೇಲೆ ಹಿಡಿದುಕೊಳ್ಳುವ ಪ್ರೈಮರ್ ಪದರವೂ ಇರುತ್ತದೆ. ಆಮೇಲೆ ಪಿಟಿಎಫ್‌ಇ ಹಾಕಿ ಸುಮಾರು 400 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖದಲ್ಲಿ ಬೇಯಿಸಬೇಕು. ಅದು ಕರಗುವುದೇ 327 ಡಿಗ್ರಿಯಲ್ಲಿ. ಕರಗಿ ಒಂದಾಗಿ ಆ ತರಿಗಳನ್ನು ಹಿಡಿದುಕೊಂಡ ಮೇಲೇ ಅದು ಪದರ ಅನ್ನಿಸಿಕೊಳ್ಳುವುದು.

ಕಾರಿನ ಪೇಂಟನ್ನು ಫ್ಯಾಕ್ಟರಿಯಲ್ಲಿ ಬೇಯಿಸುವುದು ಸುಮಾರು 140 ಡಿಗ್ರಿಯಲ್ಲಿ. ಗ್ಯಾರೇಜಿನ ಬೂತ್‌ನಲ್ಲಿ 60 ಡಿಗ್ರಿ. 400 ಡಿಗ್ರಿಗೆ ಒಡ್ಡಿದರೆ ಪೇಂಟೇ ಸುಟ್ಟು ಹೋಗುತ್ತದೆ, ಪ್ಲಾಸ್ಟಿಕ್ ಬಂಪರಿನ ಮಾತು ಆಡುವುದೇ ಬೇಡ. ಇನ್ನು ತರಿತರಿ ಮಾಡುವುದು? ಹೊಳಪಿಗಾಗಿಯೇ ಇರುವ ಕ್ಲಿಯರ್ ಕೋಟನ್ನು ಯಾರಾದರೂ ಮರಳುಕಾಗದದಿಂದ ಕೆರೆಯುತ್ತಾರಾ?

ಹಾಗಾದರೆ ಬಾಟಲಿಯಲ್ಲಿ ಇರುವುದೇನು? ವ್ಯಾಕ್ಸ್, ಸಿಲಿಕೋನ್ ಅಥವಾ ಇನ್ಯಾವುದೋ ಪಾಲಿಮರ್, ದ್ರಾವಕ. ಅದರಲ್ಲಿ ತೇಲುತ್ತಿರುವ ನುಣ್ಣನೆ ಪಿಟಿಎಫ್‌ಇ ಪುಡಿ. ಪೇಂಟಿಗೆ ಅಂಟುವುದು ಆ ವ್ಯಾಕ್ಸೋ ಪಾಲಿಮರೋ. ಪುಡಿ ಅದರೊಳಗೆ ಸುಮ್ನೆ ಕೂತಿರುತ್ತದೆ. ಅದು ಎಷ್ಟು ದಿನ ನಿಲ್ಲುತ್ತದೋ ಇದೂ ಅಷ್ಟೇ ದಿನ.

ಫ್ಲೋರಿನ್ ಇರುವ ಪೇಂಟೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಕಟ್ಟಡಗಳ ಅಲ್ಯೂಮಿನಿಯಮ್ ಪ್ಯಾನೆಲ್ ಮೇಲೆ ಹಾಕುವ ಪಿವಿಡಿಎಫ್ ಪೇಂಟ್ ದಶಕಗಟ್ಟಲೆ ಬಣ್ಣ ಬಿಡುವುದಿಲ್ಲ. ಅದೂ ಫ್ಲೋರಿನ್ ಇರುವ ಪಾಲಿಮರೇ. ಆದರೆ ಅದು ಫ್ಯಾಕ್ಟರಿಯಲ್ಲಿ ಬೆಂದ ಪೇಂಟ್, ಶೋರೂಮಿನ ಹಿಂದುಗಡೆ ಮಧ್ಯಾಹ್ನ ಒರೆಸಿ ಹಚ್ಚಿದ್ದಲ್ಲ.

ನೀರು

ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ, ಯಾಕೆಂದರೆ ಫಲಿತಾಂಶ ನಾನು ಅಂದುಕೊಂಡಿದ್ದಕ್ಕಿಂತ ಬೇರೆ ಬಂತು.

ಬಾನೆಟ್ ಮೇಲೆ ನೀರು ಚೆಲ್ಲಿದರೆ ಬರಿ ಪೇಂಟಿನ ಪಟ್ಟಿಯಲ್ಲಿ ಹಾಳೆಯಾಗಿ ಹರಡಿತು. ಉಳಿದ ಮೂರರಲ್ಲೂ ಗುಂಡಗಿನ ಹನಿಯಾಗಿ ನಿಂತಿತು. ಬಾನೆಟ್ ಎತ್ತಿ ವಾಲಿಸಿದರೆ ಸೆರಾಮಿಕ್ ಪಟ್ಟಿಯಿಂದ ಹನಿ ಮೊದಲು ಜಾರಿತು, ಪಿಟಿಎಫ್‌ಇ ಅದರ ಹಿಂದೆಯೇ. ವಿಡಿಯೋದಲ್ಲಿ ತೋರಿಸಿ ಮಾರುವುದು ಈ ಆಟವನ್ನೇ.

ಆಮೇಲೆ ಇಂಜೆಕ್ಷನ್ ಸಿರಿಂಜ್‌ನಲ್ಲಿ ನಮ್ಮ ಬೋರ್‌ವೆಲ್ ನೀರು ತೆಗೆದುಕೊಂಡು ನಾಲ್ಕೂ ಪಟ್ಟಿಯಲ್ಲಿ ಸಾಲಾಗಿ ಹನಿ ಇಟ್ಟೆ. ಪಕ್ಕದ ಸಾಲಿನಲ್ಲಿ ಕಾವೇರಿ ನೀರಿನ ಹನಿ. ತಾರಸಿಯ ಬಿಸಿಲಿಗೆ ಬಿಟ್ಟೆ. ಕಾವೇರಿ ಸಾಲು ಒಣಗಿದಾಗ ಗುರುತು ತೀರ ತೆಳುವಾಗಿತ್ತು, ಒದ್ದೆ ಬಟ್ಟೆಗೆ ಹೋಯಿತು. ಬೋರ್‌ವೆಲ್ ಸಾಲಿನಲ್ಲಿ ಬಿಳಿ ಉಂಗುರ. ನೋಡಿದರೆ ಬರಿ ಪೇಂಟಿನ ಪಟ್ಟಿಯಲ್ಲಿ ನೀರು ಅಗಲವಾಗಿ ಹರಡಿ ಒಣಗಿದ್ದರಿಂದ ತೆಳುವಾದ ಬಿಳಿ ಪೊರೆ ಅಷ್ಟೇ. ಕೋಟಿಂಗ್ ಇರುವ ಪಟ್ಟಿಗಳಲ್ಲಿ ಹನಿ ಗುಂಡಗೆ ನಿಂತಿದ್ದರಿಂದ ಸುಣ್ಣವೆಲ್ಲ ಒಂದೇ ಜಾಗದಲ್ಲಿ ಕೂತು ದಪ್ಪ ಉಂಗುರ ಕಟ್ಟಿತ್ತು. ಅಂದರೆ ಹನಿ ಚೆಂದ ನಿಂತಷ್ಟೂ ಕಲೆ ಗಟ್ಟಿ! ಗೀಸರ್ ಕಾಯಿಲ್ ಮೇಲೆ ಕೂರುವ ಕ್ಯಾಲ್ಸಿಯಮ್ಮೇ ಇದು. ಶಾಂಪೂಗೆ ಬಗ್ಗುವುದಿಲ್ಲ. ನೀರು ಬೆರೆಸಿದ ವಿನಿಗರ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು ತೆಗೆದರೆ ಕರಗಿತು. ಆಮೇಲೆ ಚೆನ್ನಾಗಿ ನೀರು ಹಾಕಿ ತೊಳೆಯಬೇಕು.

ಆದ್ದರಿಂದ ಕೋಟಿಂಗ್ ಮಾಡಿಸಿದವರು ಬೋರ್‌ವೆಲ್ ನೀರಲ್ಲಿ ತೊಳೆದು 'ತಾನೇ ಒಣಗುತ್ತೆ' ಅಂತ ಬಿಸಿಲಲ್ಲಿ ಬಿಟ್ಟರೆ, ಕೋಟಿಂಗ್ ಇಲ್ಲದವರಿಗಿಂತ ಜಾಸ್ತಿ ಕಲೆ ಕಟ್ಟಿಸಿಕೊಳ್ಳುತ್ತಾರೆ.

ಗೀರು

ರಸ್ತೆ ಕಾಮಗಾರಿ ನಡೆಯುತ್ತಿದ್ದ ಕಡೆಯಿಂದ ಧೂಳು ತಂದು ನಾಲ್ಕೂ ಪಟ್ಟಿ ಮೇಲೆ ಉದುರಿಸಿದೆ. ಒಣ ಹಳದಿ ಬಟ್ಟೆಯಲ್ಲಿ ಒರೆಸಿದೆ, ಬೆಳಿಗ್ಗೆ ಹೊತ್ತು ಅಪಾರ್ಟ್‌ಮೆಂಟ್‌ಗಳಲ್ಲಿ ಕಾರು ಒರೆಸುತ್ತಾರಲ್ಲ, ಅದೇ ಥರ. ಆಮೇಲೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದೆ.

ನಾಲ್ಕರಲ್ಲೂ ಸುತ್ತು ಸುತ್ತು ಗೀರು. ಪಿಟಿಎಫ್‌ಇ ಪಟ್ಟಿಯಲ್ಲಿ ಬಟ್ಟೆ ಹಗುರವಾಗಿ ಜಾರಿತು ನಿಜ, ಗೀರಿನಲ್ಲಿ ಮಾತ್ರ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಸೆರಾಮಿಕ್ ಪಟ್ಟಿಯಲ್ಲಿ ಒಂಚೂರು ಕಡಿಮೆ ಅನ್ನಬಹುದು, ಅದೂ ಪಕ್ಕದಲ್ಲಿ ಇಟ್ಟು ನೋಡಿದಾಗ.

ಕಾರಣ ಸರಳ. ಪಿಟಿಎಫ್‌ಇ ಮೆತ್ತನೆ ವಸ್ತು, ಉಗುರಲ್ಲಿ ಕೆರೆದರೂ ಗೀರು ಬೀಳುತ್ತದೆ. ತವಾ ಮೇಲೆ ಸ್ಟೀಲ್ ಮೊಗಚೋ ಕೈ ಆಡಿಸಬೇಡಿ ಅನ್ನುವುದು ಅದಕ್ಕೇ ಅಲ್ವಾ? ಜಾರುವುದು ಬೇರೆ, ಗಟ್ಟಿಯಾಗಿರುವುದು ಬೇರೆ. ರಸ್ತೆ ಧೂಳಿನಲ್ಲಿ ಇರುವುದು ಮರಳು, ಅಂದರೆ ಕ್ವಾರ್ಟ್ಜ್. ಖನಿಜಗಳ ಗಡಸು ಹೇಳುವ 1ರಿಂದ 10ರ ಮೋಸ್ ಮಾಪನದಲ್ಲಿ ಅದು 7. ಸೆರಾಮಿಕ್ ಮಾರುವವರು ಹೇಳುವ '9ಎಚ್' ಮೋಸ್ ಮಾಪನದ 9 ಅಲ್ಲ. ಅದು ಪೆನ್ಸಿಲ್ ಲೆಕ್ಕ. ಡ್ರಾಯಿಂಗ್ ಅಂಗಡಿಯಲ್ಲಿ ಎಚ್‌ಬಿ, 2ಎಚ್ ಅಂತ ಸಿಗುತ್ತಲ್ಲ, ಆ ಸಾಲಿನ ಗಟ್ಟಿ ಪೆನ್ಸಿಲ್. ಆ ಪೆನ್ಸಿಲ್ಲಿಗೆ ಗೀರು ಬೀಳದ ಪದರಕ್ಕೆ ಮರಳಿನಿಂದ ಗೀರು ಬೀಳಲ್ಲ ಅಂತೇನಿಲ್ಲ.

ಇನ್ನೊಂದು ಕಿತಾಪತಿಯೂ ಕಂಡಿತು. ಅದೇ ಗೀರು ಬಿದ್ದ ಬರಿ ಪಟ್ಟಿಯ ತುದಿಗೆ ಸ್ವಲ್ಪ ಪಿಟಿಎಫ್‌ಇ ಸೀಲೆಂಟ್ ಹಚ್ಚಿ ಒರೆಸಿದೆ. ಗೀರುಗಳು ಅರ್ಧಕ್ಕರ್ಧ ಮಾಯ! ಆಲ್ಕೋಹಾಲ್ ಹಾಕಿ ಜೋರಾಗಿ ಒರೆಸಿದರೆ ಮತ್ತೆ ಹಾಜರ್. ಗೀರಿನ ಸಂದಿಯಲ್ಲಿ ಎಣ್ಣೆ, ವ್ಯಾಕ್ಸ್ ತುಂಬಿ ಬೆಳಕು ಚದುರದಂತೆ ಮಾಡಿತ್ತು ಅಷ್ಟೇ. ವಾಸಿಯೂ ಆಗಿರಲಿಲ್ಲ, ತಡೆಯೂ ಇರಲಿಲ್ಲ.

ಹಿಕ್ಕೆ

ಪಾರಿವಾಳಗಳಿಗೆ ನಮ್ಮಲ್ಲಿ ಬರವಿಲ್ಲ. ಸಾಮಗ್ರಿ ಪಕ್ಕದ ಸಜ್ಜಾದ ಮೇಲೇ ಸಿಕ್ಕಿತು. ನೀರಿನಲ್ಲಿ ಕಲಸಿ ಪ್ರತಿ ಪಟ್ಟಿಯಲ್ಲೂ ಎರಡು ಕಡೆ ಬಳಿದೆ. ಒಂದನ್ನು ಬಿಸಿಲೇರುವ ಮುಂಚೆಯೇ ತೆಗೆದೆ, ಇನ್ನೊಂದನ್ನು ಇಡೀ ದಿನ ಸುಡು ಬಿಸಿಲಿಗೆ ಬಿಟ್ಟೆ. ಮನೆಯವಳು ಏನಂದಳು ಅನ್ನುವುದು ಇಲ್ಲಿ ಬೇಡ.

ಬೇಗ ತೆಗೆದ ಕಡೆ ಯಾವ ಪಟ್ಟಿಯಲ್ಲೂ ಗುರುತಿಲ್ಲ, ಬರಿ ಪೇಂಟಿನಲ್ಲಿ ಕೂಡ. ಇಡೀ ದಿನ ಬಿಟ್ಟ ಕಡೆ ನಾಲ್ಕರಲ್ಲೂ ಮಂಕು ಗುರುತು. ವ್ಯಾಕ್ಸ್, ಪಿಟಿಎಫ್‌ಇ ಎರಡರಲ್ಲೂ ಬರಿ ಪೇಂಟಿಗಿಂತ ಏನೂ ವಾಸಿ ಇರಲಿಲ್ಲ. ಸೆರಾಮಿಕ್‌ನಲ್ಲಿ ಗುರುತು ತಿಳಿಯಾಗಿತ್ತು, ಆದರೆ ಇತ್ತು. ಒಣಗಿದ ಹಿಕ್ಕೆ ಮಾತ್ರ ಕೋಟಿಂಗ್ ಪಟ್ಟಿಗಳಲ್ಲಿ ಸಲೀಸಾಗಿ ಬಂತು, ಬರಿ ಪೇಂಟಿನಲ್ಲಿ ನೆನೆಸಿ ನೆನೆಸಿ ತೆಗೆಯಬೇಕಾಯಿತು.

ಹಿಕ್ಕೆ ಹುಳಿ, ಆಮ್ಲ ಅನ್ನುವುದು ಕಥೆಯ ಒಂದು ಭಾಗ. ಬಿಸಿಲಿಗೆ ಕ್ಲಿಯರ್ ಕೋಟ್ ಬಿಸಿಯಾಗಿ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ. ಮೇಲಿನ ಹಿಕ್ಕೆ ಒಣಗಿ ಗಟ್ಟಿಯಾಗಿರುತ್ತದೆ. ಸಂಜೆ ತಣ್ಣಗಾಗುವಾಗ ಪೇಂಟ್ ಆ ಗಟ್ಟಿ ಹಕ್ಕಳೆಯ ಆಕಾರಕ್ಕೇ ಕುಗ್ಗಿ ನಿಲ್ಲುತ್ತದೆ. ಅಲ್ಲಿ ಬೆಳಕು ಬೇರೆ ಥರ ಬೀಳುವುದರಿಂದ ಮಂಕು ಕಾಣುತ್ತದೆ. ಗೇಜ್‌ಗೂ ಸಿಗದಷ್ಟು ತೆಳು ಪದರ ಇದನ್ನು ಹೇಗೆ ತಡೆದೀತು?

ಬಿಸಿಲು

ಒಂದು ಮಳೆಗಾಲದಲ್ಲಿ ಇದನ್ನು ಪರೀಕ್ಷಿಸಲು ಆಗುವುದಿಲ್ಲ. ಪೇಂಟ್ ಮಾಸಲು, ಕ್ಲಿಯರ್ ಕೋಟ್ ಸಿಪ್ಪೆ ಏಳಲು ವರ್ಷಗಳು ಬೇಕು. ಆದರೆ ಬಿಸಿಲಿನಿಂದ ಪೇಂಟನ್ನು ಕಾಯುವ ಕೆಲಸ ಯಾರದ್ದು ಅನ್ನುವುದು ಗೊತ್ತಿರುವ ಸಂಗತಿಯೇ. ಅತಿನೇರಳೆ ಕಿರಣ ಹೀರುವ ರಾಸಾಯನಿಕಗಳನ್ನು ಕ್ಲಿಯರ್ ಕೋಟ್ ಒಳಗೇ ಬೆರೆಸಿರುತ್ತಾರೆ. 40 ಮೈಕ್ರಾನ್ ಪದರ ಮಾಡುವ ಕೆಲಸ ಅದು. ಪಿಟಿಎಫ್‌ಇ ಅತಿನೇರಳೆ ಕಿರಣಕ್ಕೆ ತಾನು ಹಾಳಾಗುವುದಿಲ್ಲ. ಹಾಗಂತ ಕೆಳಗಿನದನ್ನು ಕಾಯುತ್ತದೆ ಅಂತಲೂ ಅಲ್ಲ, ಕಿರಣವನ್ನು ಹೀರದೆ ಕೆಳಗೆ ಬಿಟ್ಟುಕೊಡುತ್ತದೆ. ಅಷ್ಟೇ ಅಲ್ಲ, 'ವರ್ಷಕ್ಕೊಮ್ಮೆ ರಬ್ಬಿಂಗ್, ಪಾಲಿಶ್, ಕೋಟಿಂಗ್' ಅಂತ ಮಾಡಿಸುತ್ತಾ ಹೋದರೆ ಪ್ರತಿ ಸಲ ಕಾಂಪೌಂಡ್ ಸ್ವಲ್ಪ ಕ್ಲಿಯರ್ ಕೋಟ್ ತಿನ್ನುತ್ತದೆ. ಕಾಯಬೇಕಾದ ಪದರವನ್ನೇ ದುಡ್ಡು ಕೊಟ್ಟು ಸವೆಸಿದ ಹಾಗಾಯಿತು.

ಮಳೆಗಾಲ ಮುಗಿದ ಮೇಲೆ

ಬಾನೆಟ್ಟನ್ನು ತಾರಸಿಯಲ್ಲೇ ಓರೆಯಾಗಿ ಇಟ್ಟು, ಆಗಾಗ ಕಾರು ಶಾಂಪೂ ಹಾಕಿ ತೊಳೆಯುತ್ತಿದ್ದೆ. ಪಿಟಿಎಫ್‌ಇ ಪಟ್ಟಿಯಲ್ಲಿ ಹನಿ ನಿಲ್ಲುವುದು ಕೆಲವೇ ತೊಳೆತಕ್ಕೆ ಸಡಿಲವಾಯಿತು. ವ್ಯಾಕ್ಸೂ ಹೆಚ್ಚುಕಡಿಮೆ ಅದರ ಜೊತೆಗೇ ಹೋಯಿತು. ಮಳೆ ನಿಂತಾಗ ಆ ಎರಡೂ ಪಟ್ಟಿ ಬರಿ ಪೇಂಟಿನ ಹಾಗೇ ಇದ್ದವು. ಸೆರಾಮಿಕ್‌ನಲ್ಲಿ ಹನಿ ಇನ್ನೂ ನಿಲ್ಲುತ್ತಿತ್ತು, ಮೊದಲಿನಷ್ಟು ಗುಂಡಗಲ್ಲ.

ಇಷ್ಟು ದೂರಿದ ಮೇಲೆ ಒಳ್ಳೆಯದನ್ನೂ ಹೇಳಬೇಕು. ಕೋಟಿಂಗ್ ಜೀವಂತ ಇರುವವರೆಗೆ ತೊಳೆಯುವುದು ನಿಜವಾಗಿ ಸುಲಭ. ತಾರಸಿಗೆ ಬಾಗಿರುವ ಹೊಂಗೆ ಮರದ ಕಸ, ಮಳೆ ನಿಂತ ಮೇಲಿನ ಕೆಸರಿನ ಹನಿ, ಇವೆಲ್ಲ ಪೈಪಿನ ನೀರಿಗೇ ಇಳಿದು ಹೋಗುತ್ತಿದ್ದವು. ಬಟ್ಟೆ ಉಜ್ಜುವುದು ಕಡಿಮೆಯಾದರೆ ಗೀರೂ ಕಡಿಮೆಯಾಗುತ್ತದೆ. ಸೆರಾಮಿಕ್‌ಗೆ ಬೆಲೆ ಕೊಡುವುದಾದರೆ ನಾನು ಇದಕ್ಕೆ ಕೊಡುತ್ತೇನೆ. ಪಿಟಿಎಫ್‌ಇ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ವ್ಯಾಕ್ಸ್ ಡಬ್ಬಿ ಮಾಡುವಷ್ಟೇ ದಿನ. ಹಾಗಿದ್ದ ಮೇಲೆ ಆ ಡಬ್ಬಿಯೇ ಸಾಕು. ಒಂದು ಡಬ್ಬಿ ತುಂಬಾ ಸಲ ಬರುತ್ತದೆ.

ಭಾಮೈದ ಅಷ್ಟರೊಳಗೆ ಎರಡು ಸಲ ಫೋನ್ ಮಾಡಿದ್ದ. "ಹಾಗಾದ್ರೆ ದುಡ್ಡು ಪೂರ್ತಿ ವೇಸ್ಟಾ ಭಾವ?" ಅಂದ. ಹೊಸ ಕಾರಿಗೆ ಶೋರೂಮಿನ ಟೆಫ್ಲಾನ್ ಬೇಡ ಅಂದೆ. ಆ ದುಡ್ಡಲ್ಲಿ ಎರಡು ಬಕೆಟ್, ಒಳ್ಳೆ ಶಾಂಪೂ, ಮೈಕ್ರೋಫೈಬರ್ ಮಿಟ್ (ತೊಳೆಯುವ ಕೈಗವಸು), ಒರೆಸಲು ದಪ್ಪ ಟವೆಲ್, ವ್ಯಾಕ್ಸ್ ಡಬ್ಬಿ ಎಲ್ಲ ಬಂದು ಮಿಗುತ್ತದೆ. ಒಂದು ಬಕೆಟ್ ಶಾಂಪೂಗೆ, ಇನ್ನೊಂದು ಮಿಟ್ ಜಾಲಿಸಲು. ಬೆಳಿಗ್ಗೆ ಕಾರು ಒರೆಸಲು ಬರುವ ಹುಡುಗನಿಗೆ ಒಣ ಬಟ್ಟೆ ಹಾಕಬೇಡ, ಗಾಜು ಮಾತ್ರ ಒರೆಸು, ಸಂಬಳ ಅಷ್ಟೇ ಕೊಡ್ತೀನಿ ಅಂತ ಹೇಳು ಅಂದೆ. ತೊಳೆದ ತಕ್ಷಣ ನೆರಳಲ್ಲಿ ಒರೆಸಿಬಿಡು. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಮೆತ್ತನೆ ಬಟ್ಟೆ ಇರಲಿ. ಹಿಕ್ಕೆ ಕಂಡರೆ ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಬಿಟ್ಟು ಎತ್ತು, ತಿಕ್ಕಬೇಡ.

ಅವನು ವ್ಯಾಕ್ಸ್ ತಂದ. ಒರೆಸುವ ಹುಡುಗ ಮಾತ್ರ ಇನ್ನೂ ಒಪ್ಪಿಲ್ಲವಂತೆ. ಒರೆಸದೇ ಇದ್ದರೆ ಕೆಲಸ ಮಾಡಿಲ್ಲ ಅಂತ ಉಳಿದ ಮನೆಯವರು ಬೈತಾರೆ ಸಾರ್ ಅಂತಾನಂತೆ.